ಇಂಗಿನ ಗಿಡ ನಮ್ಮ ತೋಟಕ್ಕೆ ಹೊಂದೀತೆ?

ಕಳೆದ ಎರಡು ತಿಂಗಳಿಂದ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ಇಂಗಿನ ಗಿಡ ಹಾಕಬಹುದೇ? ಅದಕ್ಕೆ ಸಂಘದಿಂದ ಸಾಲ ಸಿಕ್ಕೀತೆ?" ಕೆಲವರ ಕೈಯಲ್ಲಿ ಬಣ್ಣದ ಕರಪತ್ರವೂ ಇತ್ತು. ಗಿಡವೊಂದಕ್ಕೆ ಇಷ್ಟೆಂದು ಮುಂಗಡ ಕೊಟ್ಟರೆ ಸಸಿಗಳನ್ನು ಮನೆಬಾಗಿಲಿಗೆ ತಂದುಕೊಡುವುದಾಗಿಯೂ, ಐದು ವರ್ಷದ ನಂತರ ಬರುವ ಇಂಗನ್ನು ಕಿಲೋಗೆ 35 ಸಾವಿರ ರೂಪಾಯಿಯಂತೆ ತಾವೇ ಕೊಳ್ಳುವುದಾಗಿಯೂ ಅದರಲ್ಲಿ ಅಚ್ಚಾಗಿದೆ. ಸದಸ್ಯರೊಬ್ಬರು, ಎಲೆಚುಕ್ಕಿ ರೋಗದಿಂದ ಸೊರಗಿದ ತಮ್ಮ ಒಂದೆಕರೆ ಅಡಿಕೆ ತೋಟವನ್ನು ಕಡಿಸಿ ಇಂಗು ಹಾಕುವುದೆಂದು ಮನೆಯಲ್ಲಿ ನಿಶ್ಚಯ ಮಾಡಿಕೊಂಡೇ ಬಂದಿದ್ದರು.

ಅಡಿಕೆ ಮರ ಕಡಿಯುವುದು ಒಂದು ದಿನದ ಕೆಲಸ. ಅದನ್ನು ಫಸಲಿಗೆ ತರುವುದಕ್ಕೆ ಎಷ್ಟು ವರ್ಷ ಬೇಕೆಂಬುದನ್ನು ನಮ್ಮ ಸದಸ್ಯರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ಒಬ್ಬೊಬ್ಬರಿಗೂ ಬಾಯಿಮಾತಿನಲ್ಲಿ ಉತ್ತರಿಸುವ ಬದಲು, ಈ ಗಿಡದ ವಿಚಾರವಾಗಿ ಖಚಿತವಾಗಿ ತಿಳಿದಿರುವುದನ್ನೆಲ್ಲ ಒಟ್ಟುಗೂಡಿಸಿ ಇಲ್ಲಿ ಬರೆದಿದ್ದೇವೆ. ಓದಿದ ಮೇಲೆ ತೀರ್ಮಾನ ತಮ್ಮದು.

ಇಂಗು ಎಂದರೇನು?

"ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡೀತು" ಎಂಬ ಗಾದೆ ನಮ್ಮ ಮನೆಗಳಲ್ಲಿ ಹಳೆಯದು. ಇವೆರಡರಲ್ಲಿ ತೆಂಗು ನಮ್ಮ ಹಿತ್ತಲಿನದು. ಇಂಗು ಮಾತ್ರ ಸಾವಿರಾರು ಮೈಲಿ ದೂರದ್ದು. ಸಾರಿನ ಒಗ್ಗರಣೆಗೆ ದಿನವೂ ಬೇಕಾದ ಈ ವಸ್ತುವಿನ ಗಿಡವನ್ನು ನಮ್ಮಲ್ಲಿ ಕಂಡವರೇ ಇಲ್ಲವೆಂದರೂ ಸರಿ.

ಇಂಗು ಕಾಯಲ್ಲ, ಬೀಜವಲ್ಲ, ಎಲೆಯೂ ಅಲ್ಲ. ಅದು ಒಂದು ಗಿಡದ ಬೇರಿನಿಂದ ಒಸರುವ ಹಾಲು ಒಣಗಿ ಗಟ್ಟಿಯಾದ ಅಂಟು. ಗಿಡದ ಶಾಸ್ತ್ರೀಯ ಹೆಸರು ಫೆರುಲಾ ಅಸಫೀಟಿಡಾ. ಇದು ಕ್ಯಾರೆಟ್ಟಿನ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ಗಿಡಗಳಲ್ಲಿ ಹೂವುಗಳು ಸಾಮಾನ್ಯವಾಗಿ ಬಿಚ್ಚಿದ ಕೊಡೆಯ ಕಡ್ಡಿಗಳಂತೆ ಒಂದೇ ಕಡೆಯಿಂದ ಹೊರಟ ತೊಟ್ಟುಗಳ ತುದಿಯಲ್ಲಿರುತ್ತವೆ. ಕೊತ್ತಂಬರಿ, ಜೀರಿಗೆ, ಸೋಂಪು, ಓಮ, ಸಬ್ಬಸಿಗೆ ಇವೆಲ್ಲ ಒಂದೇ ಬಳಗ. ನಮ್ಮ ಅಡಿಕೆ ತೋಟದ ಕಾಲುವೆ ಬದಿಯಲ್ಲಿ ತಾನಾಗಿ ಹಬ್ಬುವ ಒಂದೆಲಗ ಕೂಡ ಇದೇ ಬಳಗದ್ದು. ಹೀಗೆ ನೋಡಿದರೆ ಇಂಗು ನಮಗೆ ತೀರ ಪರಕೀಯವಲ್ಲ. ಆದರೆ ದಾಯಾದಿಗಳೆಲ್ಲ ಒಂದೇ ಊರಿನಲ್ಲಿ ಬಾಳಬೇಕೆಂಬ ನಿಯಮವಿಲ್ಲವಷ್ಟೆ.

ಅದರ ತವರು

ಇರಾನ್ ಮತ್ತು ಅಫಘಾನಿಸ್ತಾನದ ಒಣ ಬೆಟ್ಟಗಳು ಇಂಗಿನ ತವರು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಮತ್ತು ಹಿಮ ಒಟ್ಟು ಸೇರಿ 100ರಿಂದ 350 ಮಿಲಿಮೀಟರು, ಅಂದರೆ 4ರಿಂದ 14 ಇಂಚು. ಮಣ್ಣು ಮರಳು ಮಿಶ್ರಿತ, ನೀರು ನಿಲ್ಲದ್ದು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುತ್ತದೆ. ಹಿಮ ಕರಗುವ ವಸಂತದಲ್ಲಿ ಗಿಡ ನೆಲಮಟ್ಟದಲ್ಲಿ ಸಬ್ಬಸಿಗೆಯಂತೆ ಸೀಳಿದ, ಆದರೆ ದಪ್ಪನೆಯ ಎಲೆಗಳ ಒಂದು ಸುತ್ತನ್ನು ಬಿಡುತ್ತದೆ. ಬೇಸಗೆ ಬಲಿಯುತ್ತಿದ್ದಂತೆ ಎಲೆಗಳೆಲ್ಲ ಒಣಗಿಹೋಗುತ್ತವೆ. ಮತ್ತೆ ಮುಂದಿನ ವಸಂತದವರೆಗೆ ಜೀವವೆಲ್ಲ ಬೇರಿನಲ್ಲಿ.

ವರ್ಷಕ್ಕೆ ಕೆಲವೇ ತಿಂಗಳು ದುಡಿದು ಉಳಿದ ಕಾಲ ಮಲಗುವ ಗಿಡವಾದ್ದರಿಂದಲೇ ಬಲಿಯಲು ನಾಲ್ಕೈದು ವರ್ಷ ಬೇಕು. ಅಷ್ಟರಲ್ಲಿ ಬೇರು ದೊಡ್ಡ ಗಜ್ಜರಿಯಂತೆ ದಪ್ಪವಾಗುತ್ತದೆ. ಆಮೇಲೆ ಆಳೆತ್ತರಕ್ಕೂ ಮೀರಿದ, ಒಳಗೆ ಪೊಳ್ಳಾದ ಒಂದು ದಂಟು ಎದ್ದು, ಹಳದಿ ಹೂ ಬಿಟ್ಟು ಬೀಜ ಕಟ್ಟುತ್ತದೆ. ಬಾಳೆಯಂತೆ ಇದೂ ಒಮ್ಮೆ ಫಲ ಕೊಟ್ಟು ಸಾಯುವ ಗಿಡ. ಬಾಳೆಯಾದರೂ ಬುಡದಲ್ಲಿ ಮರಿ ಬಿಟ್ಟು ಹೋಗುತ್ತದೆ. ಇದು ಬಿಡುವುದು ಬೀಜವನ್ನು ಮಾತ್ರ.

ಆ ಬೀಜವೂ ಸುಲಭದ್ದಲ್ಲ. ತೇವದಲ್ಲಿ ವಾರಗಟ್ಟಲೆ ಕೊರೆಯುವ ಚಳಿಯನ್ನು ಉಂಡ ಹೊರತು ಅದರ ನಿದ್ರೆ ಬಿಡುವುದಿಲ್ಲ. ಹಾಗೆಯೇ ಬಿತ್ತಿದರೆ ನೂರರಲ್ಲಿ ಒಂದು ಮೊಳೆತರೆ ಹೆಚ್ಚು ಎಂಬುದು ಇದರ ಮೇಲೆ ಕೆಲಸ ಮಾಡಿದ ವಿಜ್ಞಾನಿಗಳ ಅನುಭವ.

ಹಾಲು ತೆಗೆಯುವ ಕ್ರಮ

ಹೂದಂಟು ಏಳುವ ಮೊದಲು, ವಸಂತ ಕಾಲದಲ್ಲಿ, ಗಿಡದ ಬುಡದ ಮಣ್ಣು ಸರಿಸಿ ಬೇರಿನ ತಲೆಯನ್ನು ಬಯಲು ಮಾಡುತ್ತಾರೆ. ಎಲೆಯ ಬುಡಕ್ಕೆ ಸರಿಯಾಗಿ ಕತ್ತರಿಸಿದಾಗ ಗಾಯದಿಂದ ಬೆಳ್ಳಗಿನ ಹಾಲು ಒಸರುತ್ತದೆ. ಬಿಸಿಲು ಧೂಳು ತಾಗದಂತೆ ಅದರ ಮೇಲೆ ಕಡ್ಡಿ ಮತ್ತು ಮಣ್ಣಿನ ಸಣ್ಣ ಗುಮ್ಮಟ ಕಟ್ಟುತ್ತಾರೆ. ಕೆಲವು ದಿನಗಳ ನಂತರ, ಗಟ್ಟಿಯಾದ ಅಂಟನ್ನು ಕೆರೆದು ತೆಗೆದು, ಬೇರಿನ ಒಂದು ತೆಳು ಬಿಲ್ಲೆಯನ್ನು ಮತ್ತೆ ಕೊಯ್ಯುತ್ತಾರೆ. ಹೀಗೆ ಕೊಯ್ಯುವುದು, ಕೆರೆಯುವುದು ಸುಮಾರು ಮೂರು ತಿಂಗಳು, ಹಾಲು ನಿಲ್ಲುವವರೆಗೆ ನಡೆಯುತ್ತದೆ. ರಬ್ಬರ್ ಟ್ಯಾಪಿಂಗ್ ಬಲ್ಲವರಿಗೆ ಇದರ ಅಂದಾಜು ಸಿಕ್ಕೀತು. ಆದರೆ ರಬ್ಬರ್ ಮರ ವರ್ಷಾನುಗಟ್ಟಲೆ ಹಾಲು ಕೊಡುತ್ತದೆ. ಇಂಗಿನ ಬೇರು ಒಂದೇ ಹಂಗಾಮಿನಲ್ಲಿ ಮುಗಿದುಹೋಗುತ್ತದೆ.

ಒಂದು ಬೇರಿನಿಂದ ಸಿಗುವ ಇಂಗು 40 ಗ್ರಾಂನಿಂದ 900 ಗ್ರಾಂವರೆಗೆ ಎಂದು ಪುಸ್ತಕಗಳು ಹೇಳುತ್ತವೆ. ಈ ಎರಡು ಅಂಕಿಗಳ ನಡುವೆ ಇಪ್ಪತ್ತು ಪಟ್ಟಿಗೂ ಹೆಚ್ಚು ಅಂತರವಿದೆ ಎಂಬುದನ್ನು ಸದಸ್ಯರು ಗಮನಿಸಬೇಕು. ಕರಪತ್ರದ ಲೆಕ್ಕದಲ್ಲಿ ಇರುವುದು ಮೇಲಿನ ಅಂಕಿ ಮಾತ್ರ.

ಲಾಹೌಲಿನ ಪ್ರಯೋಗ

ಭಾರತದಲ್ಲಿ ಇಂಗು ಬೆಳೆಯುವುದು ಸುಳ್ಳು ಸುದ್ದಿಯೇ ಎಂದು ಕೇಳುವವರಿದ್ದಾರೆ. ಸುಳ್ಳಲ್ಲ. ಇಂಗಿನ ಗಿಡದ ಕೆಲವು ಹತ್ತಿರದ ಜಾತಿಗಳು ಕಾಶ್ಮೀರ, ಹಿಮಾಚಲಗಳಲ್ಲಿ ಮೊದಲಿನಿಂದಲೂ ಕಾಡಿನಲ್ಲಿವೆ. ಆದರೆ ವ್ಯಾಪಾರದ ಇಂಗು ಕೊಡುವ ಜಾತಿ ನಮ್ಮಲ್ಲಿ ಕೃಷಿಯಲ್ಲಿರಲಿಲ್ಲ. 2018ರಲ್ಲಿ ಹಿಮಾಚಲ ಪ್ರದೇಶದ ಪಾಲಂಪುರದಲ್ಲಿರುವ ಹಿಮಾಲಯನ್ ಜೈವಿಕ ಸಂಪನ್ಮೂಲ ತಂತ್ರಜ್ಞಾನ ಸಂಸ್ಥೆಯವರು ಇರಾನಿನಿಂದ ಆರು ಬಗೆಯ ಬೀಜಗಳನ್ನು ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆಯ ಮೂಲಕ ತರಿಸಿದರು. ಬೀಜದ ನಿದ್ರೆ ಬಿಡಿಸುವ ಕ್ರಮವನ್ನು ಪ್ರಯೋಗಾಲಯದಲ್ಲಿ ಕಂಡುಕೊಂಡು, ಸಸಿ ಮಾಡಿ, 2020ರ ಅಕ್ಟೋಬರ್ 15ರಂದು ಲಾಹೌಲ್ ಕಣಿವೆಯ ಕ್ವಾರಿಂಗ್ ಎಂಬ ಹಳ್ಳಿಯಲ್ಲಿ ರೈತರ ಹೊಲದಲ್ಲಿ ಮೊದಲ ಗಿಡ ನೆಟ್ಟರು. ಆ ಕಣಿವೆ ಸಮುದ್ರಮಟ್ಟದಿಂದ ಹತ್ತು ಸಾವಿರ ಅಡಿಗೂ ಮೇಲಿನದು. ಹಿಮಾಲಯದ ಸಾಲಿನ ಆಚೆಗಿರುವುದರಿಂದ ಅಲ್ಲಿಗೆ ಮುಂಗಾರು ಮಳೆ ಹೆಚ್ಚಾಗಿ ತಲುಪುವುದಿಲ್ಲ. ಚಳಿಗಾಲವೆಲ್ಲ ಹಿಮ. ಅಂದರೆ ಇರಾನಿನ ಬೆಟ್ಟಕ್ಕೆ ಹೋಲುವ ಜಾಗವನ್ನು ಹುಡುಕಿಯೇ ನೆಟ್ಟರು.

2025ರ ಮೇ ತಿಂಗಳಿನಲ್ಲಿ ಪಾಲಂಪುರದ ಸಂಸ್ಥೆಯ ಆವರಣದಲ್ಲಿಯೇ ಇಂಗಿನ ಗಿಡ ಹೂ ಬಿಟ್ಟು ಬೀಜ ಕಟ್ಟಿತು. ಇದು ದೊಡ್ಡ ಮಾತು. ಬೀಜಕ್ಕಾಗಿ ಪರದೇಶವನ್ನೇ ಕಾಯುವ ಕಷ್ಟ ಇದರಿಂದ ತಪ್ಪಬಹುದು. ಬೀಜ ತರಿಸಿದ ದಿನದಿಂದ ಈ ಹೂವಿನವರೆಗೆ ಸುಮಾರು ಏಳು ವರ್ಷ ಹಿಡಿಯಿತು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಪಾಲಂಪುರ ನಾಲ್ಕು ಸಾವಿರ ಅಡಿಯ ಊರು, ಅಲ್ಲಿ ಮಳೆಯೂ ಧಾರಾಳ. ಅಲ್ಲಿ ಆದದ್ದು ನಮ್ಮ ಘಟ್ಟದಲ್ಲಿ ಏಕಾಗದು? ಗಿಡ ಮಾರುವವರೂ ಹೀಗೆಯೇ ವಾದಿಸುತ್ತಾರೆಂದು ಕೇಳಿದ್ದೇವೆ. ಇದಕ್ಕೆ ಉತ್ತರ ಎರಡು. ಮೊದಲನೆಯದು, ಪಾಲಂಪುರಕ್ಕೆ ಹಿಮಾಲಯದ ಚಳಿಗಾಲವಿದೆ, ನಮಗಿಲ್ಲ. ಎರಡನೆಯದು, ವಿಜ್ಞಾನಿಗಳ ಕಣ್ಣೆದುರಿನ ಪಾತಿಯಲ್ಲಿ ಗಿಡ ಹೂ ಬಿಟ್ಟದ್ದು ಬೇರೆ, ರೈತನ ಎಕರೆಯಲ್ಲಿ ಇಂಗು ಕೊಯ್ದು ಮಾರಿದ್ದು ಬೇರೆ. ಬಾಳೆಹೊನ್ನೂರಿನ ಕೇಂದ್ರದ ತಾಕಿನಲ್ಲಿ ಚೆನ್ನಾಗಿ ಕಂಡ ಕಾಫಿ ತಳಿಯನ್ನು ನಾವು ಮರುದಿನವೇ ಇಡೀ ತೋಟಕ್ಕೆ ಹಾಕುತ್ತೇವೆಯೇ?

ನಮ್ಮ ತೋಟದಲ್ಲಿ ತೊಡಕೇನು?

ಮೊದಲನೆಯದು ಮಳೆ. ನಮ್ಮ ಕಾಫಿ ಸೀಮೆಯ ಪೂರ್ವದ ಅಂಚಿನಲ್ಲಿಯೇ ಸುಮಾರು 40 ಇಂಚು ಮಳೆಯಾಗುತ್ತದೆ. ಘಟ್ಟದ ಕಡೆಗೆ ಹೋದಂತೆ 100 ಇಂಚನ್ನೂ ದಾಟುತ್ತದೆ. ಇಂಗಿನ ತವರಿನ ಇಡೀ ವರ್ಷದ ನೀರು ನಮ್ಮಲ್ಲಿ ಆಷಾಢದ ಒಂದು ಜೋರು ವಾರದ ಮಳೆ. ತಿಂಗಳುಗಟ್ಟಲೆ ನೆನೆದ ನೆಲದಲ್ಲಿ, ರಸ ತುಂಬಿದ ದಪ್ಪ ಬೇರು ಕೊಳೆಯದೆ ಉಳಿಯುವುದು ಕಷ್ಟ. ನೀರಿನಲ್ಲೇ ಹುಟ್ಟಿ ಬೆಳೆದ ನಮ್ಮ ಅಡಿಕೆಯೇ ಕೊಳೆರೋಗ ತಡೆಯಲಾರದೆ ಬೋರ್ಡೋ ದ್ರಾವಣ ಕೇಳುತ್ತದೆ. ಮರಳುಗಾಡಿನ ಅಂಚಿನ ಗಿಡದ ಗತಿಯೇನು?

ಎರಡನೆಯದು ಚಳಿ. ಇಂಗಿನ ಬೆಳವಣಿಗೆಗೆ ಹಿತವಾದ ಉಷ್ಣತೆ 10ರಿಂದ 20 ಡಿಗ್ರಿ. ಅದಕ್ಕಿಂತ ಮುಖ್ಯವಾಗಿ ಅದಕ್ಕೆ ಸೊನ್ನೆಯ ಆಸುಪಾಸಿನ ಚಳಿಗಾಲದ ವಿಶ್ರಾಂತಿ ಬೇಕು. ನಮ್ಮಲ್ಲಿ ಧನುರ್ಮಾಸದ ಬೆಳಗಿನ ಜಾವ ಎಷ್ಟೇ ಕೊರೆದರೂ ಹತ್ತು ಗಂಟೆಗೆ ಕಂಬಳಿ ಕಳಚುತ್ತೇವೆ.

ಮೂರನೆಯದು ನೆರಳು. ಇಂಗು ಬಯಲು ಬೆಟ್ಟದ ಬಿಸಿಲಿನ ಗಿಡ. ಕಾಫಿಯ ನಡುವೆ, ಅಡಿಕೆಯ ಕೆಳಗೆ ಅಂತರ ಬೆಳೆಯಾಗಿ ಹಾಕಬಹುದೆಂಬ ಕರಪತ್ರದ ಮಾತಿಗೆ ಆಧಾರವೇ ಇಲ್ಲ.

ಹಾಗಾದರೆ ಚಳ್ಳಕೆರೆ, ಹಿರಿಯೂರಿನ ಕಡೆಯ ಒಣನೆಲದಲ್ಲಿ ಆದೀತೇ ಎಂದು ಅಲ್ಲಿ ನೆಂಟರಿರುವ ಸದಸ್ಯರೊಬ್ಬರು ಕೇಳಿದರು. ಅಲ್ಲಿ ಮಳೆ ಕಡಿಮೆಯೇನೋ ನಿಜ, ಆದರೆ ಆ ಚಳಿ ಅಲ್ಲಿಯೂ ಇಲ್ಲ. ಒಣಹವೆ ಮತ್ತು ಹಿಮ ಎರಡೂ ಒಟ್ಟಿಗೆ ಬೇಕಾದ ಗಿಡಕ್ಕೆ ಕರ್ನಾಟಕದಲ್ಲಿ ಜಾಗವಿಲ್ಲ.

ಹೊರಗಿನ ಗಿಡ ಎಂಬ ಕಾರಣಕ್ಕೆ ನಾವು ಇದನ್ನು ಬೇಡವೆನ್ನುತ್ತಿಲ್ಲ. ಕಾಫಿಯೂ ಹೊರಗಿನದೇ. ಬಾಬಾ ಬುಡನ್ ಅವರು ಏಳು ಬೀಜ ತಂದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆ ಬೀಜ ಇಲ್ಲಿ ಬೇರೂರಿದ್ದು ಚಂದ್ರದ್ರೋಣ ಪರ್ವತದ ಮಳೆ, ನೆರಳು, ತಂಪು ಅದಕ್ಕೆ ಹಿಡಿಸಿದ್ದರಿಂದ. ಗಿಡ ಎಲ್ಲಿಂದ ಬಂತೆನ್ನುವುದಕ್ಕಿಂತ, ಬಂದ ಕಡೆ ಅದಕ್ಕೆ ಬೇಕಾದ್ದು ಇದೆಯೇ ಎನ್ನುವುದು ಮುಖ್ಯ.

ಬೆಲೆಯ ಲೆಕ್ಕ

ಈಗ ಕಿಲೋಗೆ 35 ಸಾವಿರದ ಮಾತು. 2020ರಲ್ಲಿ ಲಾಹೌಲಿನ ಪ್ರಯೋಗ ಆರಂಭವಾದಾಗ ಸರ್ಕಾರದ ಕಡೆಯಿಂದಲೇ ಬಂದ ಅಂಕಿಯಂತೆ, ಭಾರತವು ಅಫಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ ವರ್ಷಕ್ಕೆ ಸುಮಾರು 1,200 ಟನ್ ಕಚ್ಚಾ ಇಂಗನ್ನು ತರಿಸಿ, ಸುಮಾರು 10 ಕೋಟಿ ಡಾಲರ್ ತೆರುತ್ತಿತ್ತು. 1,200 ಟನ್ ಎಂದರೆ 12 ಲಕ್ಷ ಕಿಲೋ. ಭಾಗಿಸಿ ನೋಡಿದರೆ ಕಿಲೋಗೆ ಸುಮಾರು 83 ಡಾಲರ್. ಆಗಿನ ವಿನಿಮಯ ದರದಲ್ಲಿ ಅದು ಸುಮಾರು 6 ಸಾವಿರ ರೂಪಾಯಿ. ಇದು ಎಲ್ಲ ದರ್ಜೆಗಳೂ ಸೇರಿದ ಸರಾಸರಿ. ಉತ್ತಮ ದರ್ಜೆಯ ಮಾಲಿಗೆ ಇದಕ್ಕಿಂತ ಹೆಚ್ಚು ಬೆಲೆ ಇರುವುದು ನಿಜ. ಆದರೆ ಬೆಳೆಗಾರ ಲೆಕ್ಕ ಹಾಕಬೇಕಾದ್ದು ಸರಾಸರಿಯ ಮೇಲೆ, ಅತಿ ಹೆಚ್ಚಿನ ಬೆಲೆಯ ಮೇಲೆ ಅಲ್ಲ. ಕಾಫಿಯಲ್ಲಿ ಇದನ್ನು ನಾವು ಬೇಕಾದಷ್ಟು ಸಲ ಕಲಿತಿದ್ದೇವೆ.

ಅಂಗಡಿಯಲ್ಲಿ ನಾವು ಕೊಳ್ಳುವ ಡಬ್ಬಿಯ ಇಂಗಿಗೂ ಈ ಕಚ್ಚಾ ಇಂಗಿಗೂ ಬಹಳ ವ್ಯತ್ಯಾಸವಿದೆ. ಕಚ್ಚಾ ಇಂಗಿನ ಘಾಟು ನೇರವಾಗಿ ಅಡುಗೆಗೆ ತಡೆಯದು. ಅದಕ್ಕೆ ಗೋಂದು, ಮೈದಾ ಅಥವಾ ಅಕ್ಕಿ ಹಿಟ್ಟು ಸೇರಿಸಿ ಹದ ಮಾಡುತ್ತಾರೆ. ಉತ್ತರ ಪ್ರದೇಶದ ಹಾಥರಸ್ ಈ ಕಸುಬಿಗೆ ಹೆಸರಾದ ಊರು. ಹೀಗೆ ಹದ ಮಾಡಿದ ಇಂಗಿನಲ್ಲಿ ಮದ್ಯಸಾರದಲ್ಲಿ ಕರಗುವ ಸತ್ತ್ವ ನೂರಕ್ಕೆ 5 ಭಾಗಕ್ಕೆ ಕಡಿಮೆ ಇರಬಾರದೆಂದು ಆಹಾರ ಕಾನೂನು ಹೇಳುತ್ತದೆ. ಡಬ್ಬಿಯಲ್ಲಿ ಹೆಚ್ಚಿನ ಪಾಲು ಹಿಟ್ಟು ಮತ್ತು ಗೋಂದು ಎಂದಾಯಿತು. ಆದ್ದರಿಂದ ಡಬ್ಬಿಯ ಬೆಲೆಯಿಂದ ತೋಟದ ಆದಾಯವನ್ನು ಊಹಿಸುವುದೂ ಸರಿಯಲ್ಲ.

ಮರಳಿ ಕೊಳ್ಳುವ ಕರಾರು

ಐದು ವರ್ಷದ ನಂತರ ತಾವೇ ಕೊಳ್ಳುತ್ತೇವೆಂಬ ಕರಾರು ಹಲವರಿಗೆ ಧೈರ್ಯ ಕೊಟ್ಟಿದೆ. ಸ್ವಲ್ಪ ಯೋಚಿಸಿದರೆ ಆ ಧೈರ್ಯ ಮಾರುವವರದೇ ಹೊರತು ಕೊಳ್ಳುವವರದಲ್ಲ ಎಂದು ತಿಳಿಯುತ್ತದೆ. ಸಸಿಯ ಹಣ ಇಂದೇ ಅವರ ಕೈ ಸೇರುತ್ತದೆ. ಅವರು ಕೊಳ್ಳಬೇಕಾದ ದಿನ ಐದು ವರ್ಷದಾಚೆಗಿದೆ. ಮೊದಲ ಮಳೆಗಾಲದಲ್ಲಿ ಗಿಡ ಕೊಳೆತರೆ ಕೊಳ್ಳುವ ಪ್ರಶ್ನೆಯೇ ಏಳದು. "ನೀವು ಸರಿಯಾಗಿ ನೋಡಿಕೊಳ್ಳಲಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಮಾತನ್ನು ನಾವು ಎತ್ತರದಲ್ಲಿ ನಿಂತು ಹೇಳುತ್ತಿಲ್ಲ. 2003ರ ಸುಮಾರಿಗೆ ಹಸಿ ವೆನಿಲಾ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ ಬೆಲೆ ಬಂದಾಗ, ಬಳ್ಳಿಯ ತುಂಡುಗಳನ್ನು ಮೊಳದ ಲೆಕ್ಕದಲ್ಲಿ ಕೊಂಡವರಲ್ಲಿ ನಾವೂ ಇದ್ದೆವು. ನಮ್ಮ ಸಂಘವೂ ಆಗ ಉದಾರವಾಗಿಯೇ ಸಾಲ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಬೆಲೆ ಕುಸಿದಾಗ, ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿದ ಕೂಲಿಯೂ ಹುಟ್ಟಲಿಲ್ಲ. ಸಾಲದ ಬಾಕಿ ಮಾತ್ರ ಪುಸ್ತಕದಲ್ಲಿ ಬಹಳ ಕಾಲ ಉಳಿಯಿತು. ಆದರೂ ವೆನಿಲಾ ನಮ್ಮ ಹವೆಗೆ ಹೊಂದುವ ಗಿಡ, ಕೈಕೊಟ್ಟದ್ದು ಬೆಲೆ ಮಾತ್ರ. ಇಂಗಿನಲ್ಲಿ ಗಿಡವೇ ಕೈಕೊಡುತ್ತದೆ.

ಗಿಡ ಮಾರುವವರು ಬಂದರೆ ಕೇಳಬೇಕಾದ್ದು ಇಷ್ಟು:

1. ಈ ಸಸಿಯ ಬೀಜ ಎಲ್ಲಿಂದ ಬಂತು? ಪರದೇಶದ್ದಾದರೆ ಸಸ್ಯ ತಪಾಸಣೆಯ ಕಾಗದ ಎಲ್ಲಿದೆ? ಕಾಫಿಯ ಕಾಯಿಕೊರಕ ಹುಳು 1990ರಲ್ಲಿ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಪರೀಕ್ಷೆಯಿಲ್ಲದೆ ಹೊರಗಿನ ಬೀಜ ಬಂದರೆ ಏನೇನು ಜೊತೆಗೆ ಬರಬಹುದೆಂದು ನಾವು ಮರೆಯಬಾರದು.

2. ಇದು ಫೆರುಲಾ ಅಸಫೀಟಿಡಾ ಜಾತಿಯೇ ಎಂದು ಯಾವ ಸಂಸ್ಥೆ ಪ್ರಮಾಣಪತ್ರ ಕೊಟ್ಟಿದೆ? ಸಣ್ಣ ಸಸಿಯಲ್ಲಿ ಕ್ಯಾರೆಟ್, ಸೋಂಪು, ಇಂಗು ಇವುಗಳ ಎಲೆ ನೋಡಿ ನಮ್ಮಂಥವರು ಗುರುತಿಸುವುದು ಸಾಧ್ಯವಿಲ್ಲ.

3. ಮಲೆನಾಡಿನಲ್ಲಿ ಎರಡು ಮಳೆಗಾಲ ದಾಟಿದ ಒಂದು ಗಿಡವನ್ನಾದರೂ ಕರೆದೊಯ್ದು ತೋರಿಸುತ್ತೀರಾ?

4. ಮುಂಗಡ ಬೇಡ, ಎರಡು ಮಳೆಗಾಲ ಬದುಕಿದ ಗಿಡಕ್ಕೆ ಮಾತ್ರ ಹಣ ಕೊಡುತ್ತೇವೆ ಎಂದರೆ ಒಪ್ಪುತ್ತೀರಾ?

ನಾಲ್ಕನೆಯ ಪ್ರಶ್ನೆಗೆ ಬರುವ ಉತ್ತರದಿಂದಲೇ ಉಳಿದದ್ದು ತಿಳಿಯುತ್ತದೆ.

ಕೊನೆಯ ಮಾತು

ಇಷ್ಟನ್ನೂ ಪರಿಶೀಲಿಸಿ, ಇಂಗಿನ ಗಿಡಕ್ಕಾಗಿ ಸಂಘದಿಂದ ಸಾಲ ಕೊಡತಕ್ಕದ್ದಲ್ಲವೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಕುತೂಹಲಕ್ಕೆ ಒಂದೆರಡು ಗಿಡವನ್ನು ಕುಂಡದಲ್ಲಿ ಸಾಕುವವರಿಗೆ ನಮ್ಮ ಅಡ್ಡಿಯಿಲ್ಲ. ಅದು ಹವ್ಯಾಸ, ಬೇಸಾಯವಲ್ಲ. ಲಾಹೌಲಿನ ರೈತರಿಗೆ ಈ ಬೆಳೆ ಕೈಹಿಡಿಯಲಿ ಎಂಬುದೇ ನಮ್ಮ ಹಾರೈಕೆ. ಅವರಿಗೆ ಅಡಿಕೆ ಬೆಳೆಯಲಾಗದು, ನಮಗೆ ಇಂಗು ಬೆಳೆಯಲಾಗದು. ಇದರಲ್ಲಿ ಯಾರಿಗೂ ಅವಮಾನವಿಲ್ಲ.

ಇಂಗಿನ ಬಳಗದ್ದೇ ಬೇಕೆಂದರೆ, ತೋಟದ ತಂಪಿನಲ್ಲಿ ಬರುವ ಒಂದೆಲಗವಿದೆ, ಉದ್ದ ಎಲೆಯ ಕಾಡುಕೊತ್ತಂಬರಿಯಿದೆ. ಇವೆರಡಕ್ಕೂ ನೆರಳು, ತೇವ ಹಿತ. ಇವು ಮನೆಖರ್ಚಿಗೆ ಮತ್ತು ಹತ್ತಿರದ ಸಂತೆಗೆ ಆಗುವ ಸೊಪ್ಪುಗಳು. ಇವುಗಳಿಂದ ಯಾರೂ ಶ್ರೀಮಂತರಾಗುವುದಿಲ್ಲ, ಸಾಲಗಾರರೂ ಆಗುವುದಿಲ್ಲ.

ಅಡಿಕೆ ಕಡಿಸಲು ಹೊರಟಿದ್ದ ಸದಸ್ಯರ ವಿಷಯ. ರೋಗ ತಗುಲಿದ ತೋಟದವರೇ ಇಂಥ ಕರಪತ್ರಗಳಿಗೆ ಬೇಗ ಕಿವಿಗೊಡುವುದು, ಅದು ಅವರ ತಪ್ಪೂ ಅಲ್ಲ. ಸೋಂಕು ಹೆಚ್ಚಾದ ಸೋಗೆಗಳನ್ನು ತೆಗೆಸಿ ಸುಡುವುದು, ಶಿಫಾರಸಾದ ಶಿಲೀಂಧ್ರನಾಶಕವನ್ನು ಹೊತ್ತಿಗೆ ಸರಿಯಾಗಿ ಹೊಡೆಸುವುದು, ಬಸಿಗಾಲುವೆ ಸರಿಪಡಿಸುವುದು, ಇಷ್ಟನ್ನು ಮಾಡಿ ಇನ್ನೆರಡು ವರ್ಷ ನೋಡಿ ಎಂದು ಅವರಿಗೆ ಹೇಳಿ, ವಿಟ್ಲದ ಸಂಶೋಧನಾ ಕೇಂದ್ರದ ಸಲಹೆಯನ್ನು ಕೇಳಲು ತಿಳಿಸಿದೆವು. ಸಿಂಪಡಣೆಯ ಖರ್ಚಿಗೆ ಸಂಘದಿಂದ ಸಾಲ ಮಂಜೂರಾಗಿದೆ. ಮರಗಳು ನಿಂತಿವೆ.

ಆದಕಾರಣ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಯಾವುದೇ ಹೊಸ ಗಿಡಕ್ಕೆ ಮುಂಗಡ ಕೊಡುವ ಮೊದಲು ಕರಪತ್ರವನ್ನು ಹಿಡಿದುಕೊಂಡು ಒಮ್ಮೆ ಕಚೇರಿಗೆ ಬನ್ನಿ. ಕೂತು ಲೆಕ್ಕ ಹಾಕೋಣ. ಇಂಗು ಒಗ್ಗರಣೆಗೆ ಚೆನ್ನ. ಹಣ ಕೊಟ್ಟು ಇಂಗು ತಿಂದ ಮಂಗನಂತಾಗುವುದು ಬೇಡ.